ಸಹಿ ನೆನಪಿರುವಾಗಲೇ: ಡಿಮೆನ್ಶಿಯಾ ಇರುವ ಹಿರಿಯರ ದೀರ್ಘಕಾಲದ ಆರೈಕೆಗೆ ಯೋಜನೆ ಹೇಗೆ?

ನಮ್ಮ ಸೋದರಮಾವ ಹೈಸ್ಕೂಲಿನಲ್ಲಿ ಮೂವತ್ತು ವರ್ಷ ಗಣಿತ ಕಲಿಸಿದವರು. ಪಿಂಚಣಿ ಹಣ ತೆಗೆಯಲು ಅವರನ್ನು ಬ್ಯಾಂಕಿಗೆ ಕರೆದೊಯ್ದ ದಿನ ಚೀಟಿಯ ಮೇಲೆ ಮೂರು ಬಾರಿ ಸಹಿ ಮಾಡಿದರು, ಮೂರೂ ಬೇರೆಬೇರೆಯಾಗಿದ್ದವು. ನಾಲ್ಕನೆಯ ಚೀಟಿ ಕೊಟ್ಟಾಗ ಸಹಿಯ ಜಾಗದಲ್ಲಿ ದುಂಡಗಿನ ಅಕ್ಷರಗಳಲ್ಲಿ ತಮ್ಮ ಶಾಲೆಯ ಹೆಸರು ಬರೆದು, ಪೆನ್ನಿಗೆ ಮುಚ್ಚಳ ಹಾಕಿ, ಕೌಂಟರಿನ ಆಚೆ ಕುಳಿತ ಹುಡುಗಿಯನ್ನು ‘ಸರಿಯಾಗಿದೆಯೇನಮ್ಮ?’ ಎಂದು ಕೇಳಿದರು. ಅಲ್ಲಿಯವರೆಗೆ ಮನೆಯಲ್ಲಿ ಎಲ್ಲರೂ ಅವರ ಮರೆವನ್ನು ಅರಳುಮರಳು ಎಂದು ನಕ್ಕು ಸುಮ್ಮನಾಗುತ್ತಿದ್ದೆವು. ಹಾಗೆ ನಕ್ಕು ಕಳೆದ ಎರಡು ವರ್ಷಗಳಲ್ಲಿ ಸಲೀಸಾಗಿ ಮುಗಿಸಬಹುದಾಗಿದ್ದ ಕಾಗದಪತ್ರಗಳ ಕೆಲಸಕ್ಕೆ ಆಮೇಲೆ ವಕೀಲರ ಕಚೇರಿಗೆ ಅಲೆಯಬೇಕಾಯಿತು.

2023ರಲ್ಲಿ ಪ್ರಕಟವಾದ ರಾಷ್ಟ್ರಮಟ್ಟದ ಅಧ್ಯಯನವೊಂದರ ಅಂದಾಜಿನಂತೆ ಭಾರತದಲ್ಲಿ 60 ವರ್ಷ ದಾಟಿದವರಲ್ಲಿ ಶೇ 7.4ರಷ್ಟು ಮಂದಿಗೆ, ಅಂದರೆ ಸುಮಾರು 88 ಲಕ್ಷ ಜನರಿಗೆ ಡಿಮೆನ್ಶಿಯಾ ಇದೆ. ಇದು ನೆನಪು ಮತ್ತು ಯೋಚಿಸುವ ಶಕ್ತಿ ಕುಂದುತ್ತಾ ವರ್ಷಗಟ್ಟಲೆ ಸಾಗುವ, ದಿನಕಳೆದಂತೆ ಹೆಚ್ಚುವ ಕಾಯಿಲೆ. ಆದ್ದರಿಂದ ಆರೈಕೆಯ ಯೋಜನೆಯಲ್ಲಿ ಏನೇನು ಮಾಡಬೇಕು ಎಂಬುದಕ್ಕಿಂತ ಯಾವುದನ್ನು ಮೊದಲು ಮಾಡಬೇಕು ಎಂಬುದೇ ಮುಖ್ಯ. ರೋಗಿಯ ಒಪ್ಪಿಗೆ ಮತ್ತು ಸಹಿ ಬೇಕಾದ ಕೆಲಸಗಳೆಲ್ಲ ಮೊದಲು, ಉಳಿದವಕ್ಕೆ ಕಾಲವಿದೆ.

ಮೊದಲ ಹೆಜ್ಜೆ: ರೋಗನಿರ್ಣಯ ಬರಹದಲ್ಲಿರಲಿ

ಮರೆವೆಲ್ಲವೂ ಡಿಮೆನ್ಶಿಯಾ ಅಲ್ಲ. ಬಿ12 ಜೀವಸತ್ವದ ಕೊರತೆ, ಥೈರಾಯ್ಡ್ ಸಮಸ್ಯೆ, ಖಿನ್ನತೆ, ಬಿದ್ದು ತಲೆಗೆ ಪೆಟ್ಟಾಗಿ ನಿಧಾನವಾಗಿ ಹೆಪ್ಪುಗಟ್ಟಿದ ರಕ್ತ, ಕೆಲವು ನಿದ್ರೆ ಮಾತ್ರೆಗಳು, ಕೊನೆಗೆ ಕಿವಿ ಕೇಳಿಸದಿರುವುದು ಕೂಡ ಅದರಂತೆಯೇ ಕಾಣಬಹುದು, ಮತ್ತು ಇವುಗಳಲ್ಲಿ ಹಲವಕ್ಕೆ ಚಿಕಿತ್ಸೆಯಿದೆ. ಬೆಂಗಳೂರಿನ ನಿಮ್ಹಾನ್ಸ್‌ವರೆಗೆ ಹೋಗಲಾಗದವರು ಜಿಲ್ಲಾ ಆಸ್ಪತ್ರೆಯ ಮನೋವೈದ್ಯರನ್ನು ಕಾಣಬಹುದು. ರಾಜ್ಯ ಸರ್ಕಾರದ ಮಾನಸಿಕ ಆರೋಗ್ಯ ಕಾರ್ಯಕ್ರಮವಾದ ಮನೋಚೈತನ್ಯದಡಿ ನಿಗದಿತ ಮಂಗಳವಾರಗಳಂದು ತಾಲ್ಲೂಕು ಆಸ್ಪತ್ರೆಗಳಲ್ಲೂ ತಪಾಸಣೆ ನಡೆಯುತ್ತದೆ. ಎಲ್ಲಿಂದ ಆರಂಭಿಸಬೇಕೆಂದೇ ತೋಚದಿದ್ದರೆ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ ಕೇಳಬಹುದು.

ವೈದ್ಯರಿಂದ ಔಷಧದ ಚೀಟಿಯ ಜೊತೆಗೆ ಇನ್ನೊಂದನ್ನೂ ಕೇಳಿ ಪಡೆಯಬೇಕು: ಡಿಮೆನ್ಶಿಯಾ ಯಾವ ಬಗೆಯದು, ಯಾವ ಹಂತದಲ್ಲಿದೆ, ಈ ದಿನದಂದು ವ್ಯಕ್ತಿಗೆ ತನ್ನ ಹಣ ಮತ್ತು ಚಿಕಿತ್ಸೆಯ ಬಗ್ಗೆ ತಿಳಿದು ನಿರ್ಧರಿಸುವ ಸಾಮರ್ಥ್ಯ ಇದೆಯೇ ಎಂಬುದನ್ನು ದಿನಾಂಕ ಸಹಿತ ಬರೆದುಕೊಟ್ಟ ಪತ್ರ. ಮುಂದಿನ ಹೆಜ್ಜೆಗೆ ಅದೇ ಆಧಾರ.

ಎರಡನೆಯದು: ಕಾಗದಪತ್ರ

ಹೆಚ್ಚಿನ ಕುಟುಂಬಗಳು ಎಡವುವುದು ಇಲ್ಲಿಯೇ. ‘ಅಪ್ಪನಿಂದ ಜಿಪಿಎ ಮಾಡಿಸಿಕೊಂಡಿದ್ದೇವೆ, ತೊಂದರೆಯಿಲ್ಲ’ ಎಂದು ನಿಶ್ಚಿಂತೆಯಿಂದ ಇರುವವರನ್ನು ಬಹಳ ಕಂಡಿದ್ದೇನೆ. ಜಿಪಿಎ ಎಂದರೆ ತನ್ನ ಪರವಾಗಿ ವ್ಯವಹರಿಸಲು ಇನ್ನೊಬ್ಬರಿಗೆ ಬರೆದುಕೊಡುವ ಅಧಿಕಾರಪತ್ರ. 1872ರ ಭಾರತೀಯ ಕರಾರು ಅಧಿನಿಯಮದ 201ನೇ ಕಲಮಿನ ಪ್ರಕಾರ, ಅಧಿಕಾರ ಕೊಟ್ಟವರು ಅಸ್ವಸ್ಥಚಿತ್ತರಾದರೆ ಅಧಿಕಾರಪತ್ರವೂ ಕೊನೆಗೊಳ್ಳುತ್ತದೆ. ಕೆಲವು ದೇಶಗಳಲ್ಲಿ ಬುದ್ಧಿಶಕ್ತಿ ಕುಂದಿದ ಮೇಲೂ ಉಳಿಯುವ ಅಧಿಕಾರಪತ್ರದ ವ್ಯವಸ್ಥೆಯಿದೆ, ನಮ್ಮಲ್ಲಿ ಅದಿಲ್ಲ. ನಿಜವಾಗಿ ಬೇಕಾದ ಹೊತ್ತಿಗೇ ಜಿಪಿಎ ಕೈಕೊಡುತ್ತದೆ ಎಂಬುದನ್ನು, ಪತ್ರ ಬರೆದುಕೊಡುವವರು ಎಲ್ಲರಿಗೂ ಹೇಳುವುದಿಲ್ಲ.

ಹಾಗಾಗಿ ಸಾಮರ್ಥ್ಯ ಇರುವಾಗಲೇ ಮಾಡಬೇಕಾದವು ಬೇರೆ. ಪಿಂಚಣಿ ಮತ್ತು ಠೇವಣಿಯ ಖಾತೆಗಳನ್ನು ಗಂಡ, ಹೆಂಡತಿ ಅಥವಾ ನಂಬಿಕೆಯ ಮಕ್ಕಳ ಜೊತೆ ‘ಐದರ್ ಆರ್ ಸರ್ವೈವರ್’ (ಇಬ್ಬರಲ್ಲಿ ಯಾರೊಬ್ಬರ ಸಹಿಯಾದರೂ ಸಾಕೆಂಬ) ಷರತ್ತಿನ ಜಂಟಿ ಖಾತೆ ಮಾಡಬಹುದೇ ಎಂದು ಬ್ಯಾಂಕಿನಲ್ಲಿ ವಿಚಾರಿಸಬೇಕು. ನಾಮಿನಿ ಇದ್ದರೆ ಸಾಕಲ್ಲವೇ ಎಂದು ಕೇಳುವವರಿದ್ದಾರೆ; ನಾಮಿನಿಗೆ ಅಧಿಕಾರ ಬರುವುದು ಖಾತೆದಾರರು ತೀರಿಕೊಂಡ ಮೇಲೆ, ಕಾಯಿಲೆಯ ವರ್ಷಗಳಲ್ಲಿ ಅದರಿಂದ ಪ್ರಯೋಜನವಿಲ್ಲ. ವಿಲ್ ಬರೆಯುವುದಾದರೆ ಇಬ್ಬರು ಸಾಕ್ಷಿಗಳ ಸಹಿಯ ಜೊತೆಗೆ ಅದೇ ವಾರದ ವೈದ್ಯರ ಪತ್ರವನ್ನೂ ಲಗತ್ತಿಸುವುದು ಒಳ್ಳೆಯದು. ನೋಂದಣಿ ಕಡ್ಡಾಯವಲ್ಲ, ಆದರೂ ಮಾಡಿಸಿದರೆ ಮುಂದಿನ ತಕರಾರು ಕಡಿಮೆಯಾದೀತು. ಮನೆಯನ್ನು ಮಕ್ಕಳಿಗೆ ದಾನಪತ್ರ ಮಾಡಿಕೊಡುವ ಯೋಚನೆಯಿದ್ದರೆ, ನೋಡಿಕೊಳ್ಳಬೇಕೆಂಬ ಷರತ್ತು ಪತ್ರದಲ್ಲೇ ಸ್ಪಷ್ಟವಾಗಿ ಇರಲೇಬೇಕು. ಅಂಥ ಷರತ್ತು ಮುರಿದರೆ 2007ರ ಹಿರಿಯ ನಾಗರಿಕರ ಕಾಯ್ದೆಯ 23ನೇ ಕಲಮಿನಡಿ ಉಪವಿಭಾಗಾಧಿಕಾರಿಗಳ ನ್ಯಾಯಮಂಡಳಿಗೆ ಹೋಗಿ ದಾನಪತ್ರವನ್ನೇ ರದ್ದುಮಾಡಿಸಲು ಅವಕಾಶವಿದೆ. ನನ್ನನ್ನು ಕೇಳಿದರೆ, ಕಾಯಿಲೆ ಪತ್ತೆಯಾದ ಗಾಬರಿಯಲ್ಲಿ ಆಸ್ತಿ ವರ್ಗಾಯಿಸದಿರುವುದೇ ವಾಸಿ.

ಚಿಕಿತ್ಸೆಯ ನಿರ್ಧಾರಗಳಿಗೆ 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 14ನೇ ಕಲಮಿನಡಿ ವ್ಯಕ್ತಿಯು ತನ್ನ ನಾಮನಿರ್ದೇಶಿತ ಪ್ರತಿನಿಧಿಯನ್ನು ಬಿಳಿ ಹಾಳೆಯ ಮೇಲೆ ಸಹಿ ಅಥವಾ ಹೆಬ್ಬೆಟ್ಟು ಹಾಕಿ ನೇಮಿಸಬಹುದು. ಈ ಪ್ರತಿನಿಧಿಗೆ ಆಸ್ತಿಯ ಮೇಲೆ ಯಾವ ಅಧಿಕಾರವೂ ಇರುವುದಿಲ್ಲ. ಕಾಲ ಮೀರಿದವರು ಕೂಡ ಕೈಚೆಲ್ಲಬೇಕಿಲ್ಲ: 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಡಿ ಸೀಮಿತ ಪಾಲಕತ್ವ ಕೋರಬಹುದು, ಇಲ್ಲವೇ ಹೈಕೋರ್ಟ್‌ನಲ್ಲಿ ರಿಟ್ ಅರ್ಜಿ ಸಲ್ಲಿಸಿ ಪಾಲಕರಾಗಿ ನೇಮಕಗೊಳ್ಳಬಹುದು. ದಾರಿ ಇದೆ, ಆದರೆ ಖರ್ಚಿನದು ಮತ್ತು ನಿಧಾನದ್ದು.

ಮೂರನೆಯದು: ಗಂಟೆಗಳ ಲೆಕ್ಕ

ಒಂದು ನೋಟುಪುಸ್ತಕ ತೆಗೆದುಕೊಂಡು ಒಂದು ವಾರ, ಪ್ರತಿ ಗಂಟೆ ರೋಗಿಯ ಬಳಿ ಯಾರಿದ್ದರು ಎಂದು ಬರೆಯಿರಿ. ರಾತ್ರಿ ಎರಡು ಗಂಟೆಗೆ ಎದ್ದು ಬಚ್ಚಲಿಗೆ ಕರೆದೊಯ್ದವರ ಹೆಸರೂ ಅದರಲ್ಲಿರಲಿ. ನಮ್ಮ ಮನೆಯಲ್ಲಿ ಹೀಗೆ ಬರೆದಾಗ ‘ಎಲ್ಲರೂ ಸೇರಿ ನೋಡಿಕೊಳ್ಳುತ್ತಿದ್ದೇವೆ’ ಎಂಬ ಮಾತು ಮೂರನೆಯ ದಿನಕ್ಕೇ ಸುಳ್ಳಾಯಿತು: ಪುಟದ ತುಂಬ ಅತ್ತೆಯ ಹೆಸರೇ ಇತ್ತು. ಹೊರದೇಶದಲ್ಲಿರುವ ಮಗ ಹಣ ಕಳುಹಿಸುತ್ತಾನೆ, ಊರಿನಲ್ಲಿರುವ ಸೊಸೆ ತನ್ನ ಕೆಲಸ ಬಿಡುತ್ತಾಳೆ. ಮೊದಲನೆಯದಕ್ಕೆ ರಸೀದಿ ಇರುತ್ತದೆ, ಎರಡನೆಯದಕ್ಕೆ ಇರುವುದಿಲ್ಲ. ಮನೆಮಂದಿಯೆಲ್ಲ ಸೇರಿ ಈ ಪುಸ್ತಕವನ್ನು ಎದುರಿಗಿಟ್ಟುಕೊಂಡೇ ಪಾಳಿ ಹಂಚಿಕೊಳ್ಳಬೇಕು. ವಾರಕ್ಕೊಂದು ಪೂರ್ತಿ ದಿನ ಮತ್ತು ವರ್ಷದಲ್ಲಿ ಕೆಲವು ವಾರ ಮುಖ್ಯ ಆರೈಕೆದಾರರಿಗೆ ಬಿಡುವು ಸಿಗಬೇಕು, ಅದು ಕೂಡ ‘ಆಗ ನೋಡೋಣ’ ಎಂಬ ಮಾತಿನಲ್ಲಲ್ಲ, ತಾರೀಖು ಹಾಕಿ.

ಮನೆಗೆ ಆರೈಕೆ ಸಹಾಯಕರನ್ನು ಕರೆಸುವುದಾದರೆ ಹಗಲಿಗೋ ರಾತ್ರಿಗೋ ಎಂಬುದನ್ನು ಈ ಪುಸ್ತಕವೇ ಹೇಳುತ್ತದೆ. ಏಜೆನ್ಸಿಯ ಮಾಸಿಕ ದರವನ್ನು ಹನ್ನೆರಡರಿಂದ ಗುಣಿಸಿ, ಅದನ್ನು ಐದು ವರ್ಷಕ್ಕೆ ಲೆಕ್ಕ ಹಾಕಿ, ಪ್ರತಿ ವರ್ಷ ಏರುವ ದರವನ್ನೂ ಸೇರಿಸಿ ನೋಡಿದ ಮೇಲೆ ಮಾತ್ರ ಒಪ್ಪಂದಕ್ಕೆ ಸಹಿ ಮಾಡಬೇಕು. ಸಹಾಯಕರು ರಜೆ ಹಾಕಿದ ದಿನ ಬದಲಿ ಯಾರು ಎಂಬುದು ಒಪ್ಪಂದದಲ್ಲಿದೆಯೇ ಎಂದೂ ನೋಡಬೇಕು. ಬೆಂಗಳೂರಿನಲ್ಲಿ ನೈಟಿಂಗೇಲ್ಸ್ ಮೆಡಿಕಲ್ ಟ್ರಸ್ಟ್‌ನಂಥ ಸಂಸ್ಥೆಗಳು ಡಿಮೆನ್ಶಿಯಾ ಆರೈಕೆಯನ್ನೇ ಮುಖ್ಯವಾಗಿ ಮಾಡುತ್ತವೆ. ವಸತಿ ಕೇಂದ್ರಕ್ಕೆ ಸೇರಿಸುವ ಇರಾದೆ ಈಗ ಇಲ್ಲದಿದ್ದರೂ ಒಮ್ಮೆ ಹೋಗಿ, ಸಾಧ್ಯವಾದರೆ ಊಟದ ಹೊತ್ತಿನಲ್ಲಿ, ನೋಡಿ ಬರುವುದು ಒಳಿತು. ಊಟ ಮಾಡಿಸುವ ಕೈ ಎಷ್ಟು ನಿಧಾನವಾಗಿದೆ ಎಂಬುದರಲ್ಲಿ ಕೇಂದ್ರದ ಗುಣ ಗೊತ್ತಾಗುತ್ತದೆ.

ನಾಲ್ಕನೆಯದು: ಮನೆ ಮತ್ತು ಸಂಜೆ

ಮನೆಯ ಬದಲಾವಣೆಗಳು ಸಣ್ಣವು. ಬಚ್ಚಲಿನ ಒಳಚಿಲಕ ತೆಗೆಯುವುದು, ಗೋಡೆಗೆ ಹಿಡಿಕೆ ಹಾಕಿಸುವುದು, ರಾತ್ರಿ ಮಂದ ದೀಪ, ಅಡುಗೆ ಮುಗಿದೊಡನೆ ಸಿಲಿಂಡರಿನ ರೆಗ್ಯುಲೇಟರ್ ಬಂದ್ ಮಾಡುವುದು, ಜೇಬಿನಲ್ಲಿ ಮನೆಯವರ ಫೋನ್ ನಂಬರ್ ಬರೆದ ಚೀಟಿ.

ಕಷ್ಟವಾಗುವುದು ಸಂಜೆ. ಬೆಳಕು ಇಳಿಯುವ ಹೊತ್ತಿಗೆ ಅನೇಕರಿಗೆ ಕಳವಳ ಹೆಚ್ಚುತ್ತದೆ. ಪರಿಚಯದ ಮನೆಯೊಂದರಲ್ಲಿ ಅಜ್ಜಿ ಐದೂವರೆಗೆ ಎರಡು ಸೀರೆ ಗಂಟು ಕಟ್ಟಿಕೊಂಡು ‘ಮನೆಗೆ ಹೋಗ್ತೀನಿ’ ಎಂದು ಬಾಗಿಲ ಬಳಿ ನಿಲ್ಲುತ್ತಿದ್ದರು. ಆ ಮನೆ ಅವರೇ ಕಟ್ಟಿಸಿದ್ದು. ‘ಇದೇ ನಿಮ್ಮ ಮನೆ’ ಎಂದು ಮಗ ವಾದಿಸಿದಷ್ಟೂ ಅಜ್ಜಿ ಕೂಗಾಡುತ್ತಿದ್ದರು. ಸೊಸೆ ಮಾತ್ರ ‘ಕೊನೇ ಬಸ್ಸು ಹೋಯ್ತಂತೆ ಅತ್ತೆ, ಬೆಳಿಗ್ಗೆ ಹೋಗೋಣ. ಅಷ್ಟರಲ್ಲಿ ಈ ಅವರೆಕಾಯಿ ಸುಲಿದುಕೊಡ್ತೀರಾ?’ ಎಂದು ಮೊರ ಮುಂದಿಡುತ್ತಿದ್ದಳು. ಕೈಗೆ ಹಳೆಯ ಕೆಲಸ ಸಿಕ್ಕಿದ ಮೇಲೆ ಗಂಟು ಪಕ್ಕಕ್ಕೆ ಸರಿಯುತ್ತಿತ್ತು. ಆದ್ದರಿಂದ ದಿನಚರಿಯ ಯೋಜನೆಯಲ್ಲಿ ಸಂಜೆ ಐದರಿಂದ ಏಳರವರೆಗಿನ ಹೊತ್ತಿಗೆ ಒಬ್ಬರು ಮತ್ತು ಒಂದು ಕೆಲಸ ಎರಡೂ ನಿಗದಿಯಾಗಿರಬೇಕು. ಆದರೆ ಒಂದೆರಡು ದಿನದಲ್ಲೇ ಗೊಂದಲ ಇದ್ದಕ್ಕಿದ್ದಂತೆ ವಿಪರೀತವಾದರೆ ಅದು ಡಿಮೆನ್ಶಿಯಾ ಹೆಚ್ಚಿದ್ದಲ್ಲದೆಯೂ ಇರಬಹುದು; ಮೂತ್ರದ ಸೋಂಕು ಅಥವಾ ಮಲಬದ್ಧತೆಯೇ ಕಾರಣವಿದ್ದೀತು, ತಡಮಾಡದೆ ವೈದ್ಯರಿಗೆ ತೋರಿಸಬೇಕು.

ಐದನೆಯದು: ಕೊನೆಯ ಹಂತದ ಮಾತು

ಕೊನೆಯ ಹಂತದಲ್ಲಿ ನುಂಗುವುದು ಕಷ್ಟವಾಗುತ್ತದೆ. ಆಗ ಮೂಗಿನ ಕೊಳವೆ ಹಾಕಬೇಕೇ ಎಂಬ ಪ್ರಶ್ನೆ ಆಸ್ಪತ್ರೆಯ ಕಾರಿಡಾರಿನಲ್ಲಿ, ಅವಸರದಲ್ಲಿ ಎದುರಾಗುತ್ತದೆ. ಮುಂದುವರಿದ ಡಿಮೆನ್ಶಿಯಾದಲ್ಲಿ ಕೊಳವೆಯಿಂದ ಆಯಸ್ಸು ಹೆಚ್ಚುತ್ತದೆ ಎಂಬುದಕ್ಕೆ ಆಧಾರವಿಲ್ಲ. ತಾಳ್ಮೆಯಿಂದ ಚಮಚದಲ್ಲಿ ಮೆತ್ತಗಿನ ಗಂಜಿ ಉಣಿಸುವುದನ್ನೇ ತಜ್ಞರು ಹೆಚ್ಚಾಗಿ ಸೂಚಿಸುತ್ತಾರೆ. ಇಂಥ ವಿಷಯಗಳಲ್ಲಿ ಹಿರಿಯರ ಇಚ್ಛೆ ಏನೆಂಬುದನ್ನು ಅವರು ಹೇಳಬಲ್ಲ ಕಾಲದಲ್ಲೇ, ಹಬ್ಬದ ದಿನವಲ್ಲದ ಒಂದು ಸಾಧಾರಣ ಮಧ್ಯಾಹ್ನ, ಕೇಳಿ ತಿಳಿಯಬೇಕು. ಅದನ್ನು ಲಿವಿಂಗ್ ವಿಲ್ ಆಗಿ ಬರೆದಿಡಲು ಸುಪ್ರೀಂ ಕೋರ್ಟ್ 2018ರಲ್ಲಿ ಅವಕಾಶ ಕೊಟ್ಟು, 2023ರಲ್ಲಿ ವಿಧಾನವನ್ನು ಸರಳಗೊಳಿಸಿತು: ಇಬ್ಬರು ಸಾಕ್ಷಿಗಳ ಮುಂದೆ ಸಹಿ ಮಾಡಿ, ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯಿಂದ ದೃಢೀಕರಿಸಿದರೆ ಸಾಕು. ಈ ತೀರ್ಪನ್ನು ಜಾರಿಗೊಳಿಸುವ ಸುತ್ತೋಲೆಯನ್ನು ಕರ್ನಾಟಕದ ಆರೋಗ್ಯ ಇಲಾಖೆ 2025ರ ಜನವರಿಯಲ್ಲಿ ಹೊರಡಿಸಿದೆ.

ಈ ಪತ್ರವನ್ನು ಬೀರುವಿನ ಲಾಕರಿನಲ್ಲಿ ಇಡಬೇಡಿ. ಒಂದು ನಕಲನ್ನು ಮನೆಯ ವೈದ್ಯರ ಬಳಿ, ಇನ್ನೊಂದನ್ನು ಹೆಸರಿಸಿದ ಪ್ರತಿನಿಧಿಯ ಬಳಿ ಕೊಟ್ಟು, ಮೂಲವನ್ನು ಆಧಾರ್ ಪ್ರತಿ, ಔಷಧಗಳ ಪಟ್ಟಿ ಮತ್ತು ಇತ್ತೀಚಿನ ರಕ್ತಪರೀಕ್ಷೆಯ ವರದಿಗಳ ಜೊತೆ ಒಂದೇ ಫೈಲಿನಲ್ಲಿ, ಆಸ್ಪತ್ರೆಗೆ ಹೊರಡುವಾಗ ಕೈಗೆ ಸಿಗುವಂತೆ ಬಾಗಿಲ ಪಕ್ಕದ ಮೊಳೆಗೆ ನೇತುಹಾಕಿ.