ಶೈರ್ ಕುದುರೆಯ ಕಾಲ್ಗೂದಲು: ನಾನು ನೋಡಿಕೊಳ್ಳುವ ಕ್ರಮ

ಭಾರ ಎಳೆಯುವ ದೈತ್ಯ ತಳಿಯಾದ ಶೈರ್ ಕುದುರೆ ಕೊಳ್ಳಲು ಬಂದವರ ಕಣ್ಣು ಎತ್ತರದ ಮೇಲಿರುತ್ತದೆ. ಬೀಜದ ಗಂಡು ಕನಿಷ್ಠ 17 ಹ್ಯಾಂಡ್, ಅಂದರೆ ಹೆಗಲ ಬಳಿ ಸುಮಾರು 173 ಸೆಂ.ಮೀ. ಇರಬೇಕು, ತೂಕ ಒಂದು ಟನ್ನಿನ ಆಸುಪಾಸು. ನಾನು ಮಾತ್ರ ಮೊದಲು ಹಿಂಗಾಲಿನ ಕಾಲ್ಗೂದಲು (ಕಾಲಿನ ಕೆಳಭಾಗದಲ್ಲಿ ಗೊರಸಿನ ಮೇಲೆ ಇಳಿಬೀಳುವ ಉದ್ದ ಕೂದಲು) ಸರಿಸಿ ಚರ್ಮ ಮುಟ್ಟಿ ನೋಡುತ್ತೇನೆ. ಈ ತಳಿಯ ತೊಂದರೆ ಶುರುವಾಗುವುದು ಬಹುತೇಕ ಅಲ್ಲೇ.

ಇಂಗ್ಲೆಂಡಿನ ನಡುನಾಡು ಮತ್ತು ಫೆನ್ಸ್ ಜೌಗುನೆಲದಲ್ಲಿ ಬೆಳೆದ ತಳಿ ಇದು. ವಂಶಾವಳಿ ದಾಖಲಿಸಲು 1878ರಲ್ಲಿ ಹುಟ್ಟಿದ ಸಂಘ 1884ರಲ್ಲಿ ಶೈರ್ ಹೆಸರು ಪಡೆಯಿತು. ಆಗಿನ ಪ್ರದರ್ಶನಗಳಲ್ಲಿ ದಟ್ಟ ಕಾಲ್ಗೂದಲಿಗೇ ಬೆಲೆ. ಈಗಿನ ಮಾನದಂಡ ಕೇಳುವುದು ನವಿರಾದ, ನೇರವಾದ, ರೇಷ್ಮೆಯಂಥ ಕೂದಲನ್ನು. ಇದೇ ಸರಿ ಎಂಬುದು ನನ್ನ ಖಚಿತ ಅಭಿಪ್ರಾಯ. ಜೇಡಿಮಣ್ಣಿನಲ್ಲಿ ಉಳುತ್ತಿದ್ದ ಸಫೋಕ್ ಪಂಚ್ ತಳಿಗೆ ಕಾಲ್ಗೂದಲು ಇಲ್ಲವೇ ಇಲ್ಲವೆನ್ನುವಷ್ಟು ಕಡಿಮೆ. ಕೆಸರು ಅಂಟದಿರಲು ಅದೇ ಅನುಕೂಲ.

ಕುದುರೆ ನಿಂತಲ್ಲೇ ಕಾಲು ಅಪ್ಪಳಿಸುತ್ತಿದ್ದರೆ, ಒಂದು ಕಾಲಿನಿಂದ ಇನ್ನೊಂದನ್ನು ಉಜ್ಜುತ್ತಿದ್ದರೆ ಕೊರಿಯಾಪ್ಟಿಸ್ ನುಸಿ ಎಂದೇ ಹಿಡಿಯಿರಿ. ಪಶುವೈದ್ಯರಿಂದ ಚರ್ಮದ ಹೊಟ್ಟು ಕೆರೆಸಿ ಪರೀಕ್ಷೆ ಮಾಡಿಸಿ. ಈ ನುಸಿ ಚರ್ಮದ ಮೇಲ್ಪದರದಲ್ಲಿ ಬದುಕುವುದರಿಂದ ಬಾಯಿಗೆ ಕೊಡುವ ಔಷಧಿ ಅದಕ್ಕೆ ಸರಿಯಾಗಿ ತಲುಪುವುದಿಲ್ಲ. ನಾನು ಕೂದಲನ್ನು ಬುಡದವರೆಗೆ ಕತ್ತರಿಸಿ, ವೈದ್ಯರು ಹೇಳಿದ ಔಷಧಿಯನ್ನು ನಾಲ್ಕೂ ಕಾಲಿಗೆ ಹಚ್ಚುತ್ತೇನೆ. ಮೊಟ್ಟೆಯೊಡೆದು ಬರುವ ಹೊಸ ನುಸಿಗಾಗಿ ಅವರು ಹೇಳಿದ ದಿನ ಮತ್ತೊಮ್ಮೆ. ಹಾಸಿದ ಹುಲ್ಲನ್ನು ಪೂರ್ತಿ ತೆಗೆಯಲೇಬೇಕು. ನುಸಿ ಅದರಲ್ಲಿ ವಾರಗಟ್ಟಲೆ ಉಳಿಯುತ್ತದೆ, ಲಾಯದ ಜೊತೆ ಕುದುರೆಗಳಿಗೂ ಹತ್ತುತ್ತದೆ.

ಚರ್ಮ ಆರೋಗ್ಯವಾಗಿದ್ದರೆ ಮಾತ್ರ ಎಣ್ಣೆ. ಒಂದು ಲೀಟರ್ ಪಿಗ್ ಆಯಿಲ್‌ಗೆ (ಹೆಸರು ಹಾಗಿದ್ದರೂ ಇದು ಖನಿಜ ತೈಲ) ಸುಮಾರು 100 ಗ್ರಾಂ ಗಂಧಕದ ಪುಡಿ. ಗಂಧಕ ತಳಕ್ಕಿಳಿಯುವುದರಿಂದ ಪ್ರತಿ ಸಲ ಚೆನ್ನಾಗಿ ಕುಲುಕಬೇಕು. ಮೊದಲು ಅಂಗೈಯಗಲ ಹಚ್ಚಿ ಒಂದು ದಿನ ಕಾಯಿರಿ. ಕೆಲವು ಕುದುರೆಗಳ ಚರ್ಮ ಬೊಬ್ಬೆಯೇಳುತ್ತದೆ. ಬಿರುಬಿಸಿಲಿರುವ ದಿನ, ಒಡೆದ ಚರ್ಮದ ಮೇಲೆ, ಒದ್ದೆ ಕೂದಲಿನ ಮೇಲೆ ಬೇಡವೇ ಬೇಡ.

ತೊಳೆಯುವುದಕ್ಕಿಂತ ಒಣಗಿಸುವುದು ದೊಡ್ಡ ಕೆಲಸ. ದಟ್ಟ ಕೂದಲಿನಡಿ ತೇವ ಉಳಿದರೆ ಹಿಮ್ಮಡಿಯ ಕುಳಿಯಲ್ಲಿ ಚರ್ಮ ಮೆತ್ತಗಾಗಿ ಬಿರಿದು ಹಕ್ಕಳೆಗಟ್ಟುತ್ತದೆ. ಟವೆಲ್ಲಿನಿಂದ ಒತ್ತಿ, ನುಣ್ಣನೆಯ ಮರದ ಹೊಟ್ಟು ತುಂಬಿ, ಅದು ನೀರು ಹೀರಿದ ಮೇಲೆ ಬ್ರಷ್ಷಿನಿಂದ ಉದುರಿಸುವ ಹಳೆಯ ಕ್ರಮವೇ ನನಗೆ ಈಗಲೂ ಮೆಚ್ಚು.

ಚರ್ಮ ದಪ್ಪಗಾಗಿ ಮಡಿಕೆ ಬಿದ್ದು, ಗಂಟುಗಳೆದ್ದಿದ್ದರೆ ಅದು ಬರೀ ನುಸಿಯಲ್ಲ. ದುಗ್ಧರಸ (ಅಂಗಾಂಶಗಳಲ್ಲಿ ಸೇರುವ ತಿಳಿ ದ್ರವ) ಕಾಲಿನಿಂದ ಮೇಲಕ್ಕೆ ಹರಿಯದೆ ನಿಂತು ಊದಿಸುವ, ವರ್ಷದಿಂದ ವರ್ಷಕ್ಕೆ ಬಲಿಯುವ ರೋಗ. ಶೈರ್, ಕ್ಲೈಡ್ಸ್‌ಡೇಲ್, ಬೆಲ್ಜಿಯನ್ ತಳಿಗಳಲ್ಲಿ ಹೆಚ್ಚು. ಪೂರ್ತಿ ಗುಣವಾಗುವುದಿಲ್ಲ. ದಿನವೂ ನಡೆಸುವುದು, ಕೂದಲು ಗಿಡ್ಡವಾಗಿಡುವುದು, ನುಸಿ ಬಾರದಂತೆ ಕಾಯುವುದು, ವೈದ್ಯರು ಕಲಿಸಿದಂತೆ ಪಟ್ಟಿ ಸುತ್ತುವುದು: ಇಷ್ಟರಿಂದ ಅದರ ವೇಗ ತಗ್ಗುತ್ತದೆ. ಇಂಥ ಕಾಲಿನ ಗಂಡನ್ನು, ಎಷ್ಟೇ ಎತ್ತರವಿರಲಿ, ತಳಿಗೆ ಬಿಡಬಾರದು.