ಫ್ರಿಜ್ ಬಾಗಿಲಿನ ರಬ್ಬರ್ ಒಮ್ಮೆ ಪರೀಕ್ಷಿಸಿ

ಕರೆಂಟ್ ಉಳಿಸಬೇಕೆಂದರೆ ಮೊದಲು ಫ್ರಿಜ್ ಕಡೆ ನೋಡಿ; ದಿನದ 24 ಗಂಟೆಯೂ ಆನ್ ಇರುವ ಯಂತ್ರ ಅದು. ಬಾಗಿಲಿನ ಅಂಚಿನ ರಬ್ಬರ್ ಪಟ್ಟಿ (ಗ್ಯಾಸ್ಕೆಟ್) ಸಡಿಲವಾದರೆ ಹೊರಗಿನ ಬಿಸಿ, ತೇವದ ಗಾಳಿ ಒಳಗೆ ನುಗ್ಗಿ ಕಂಪ್ರೆಸರ್ ಹೆಚ್ಚು ಹೊತ್ತು ಓಡುತ್ತದೆ. ಪರೀಕ್ಷೆ ಸುಲಭ. ಕಾಗದದ ಚೂರೊಂದನ್ನು ಅರ್ಧ ಒಳಗೆ, ಅರ್ಧ ಹೊರಗೆ ಇರುವಂತೆ ಹಿಡಿದು ಬಾಗಿಲು ಮುಚ್ಚಿ, ಮೆಲ್ಲಗೆ ಎಳೆಯಿರಿ. ಬಿಗಿಯಾಗಿ ಬಂದರೆ ಸರಿ, ಸಲೀಸಾಗಿ ಜಾರಿದರೆ ಅಲ್ಲಿ ಸಂದಿಯಿದೆ. ನಾಲ್ಕೂ ಬದಿ ನೋಡಿ, ಮೂಲೆಗಳನ್ನು ಬಿಡಬೇಡಿ.

ಎಷ್ಟೋ ಸಲ ರಬ್ಬರ್ ಕೆಟ್ಟಿರುವುದಿಲ್ಲ, ಮಡಿಕೆಗಳಲ್ಲಿ ಜಿಡ್ಡು ಕೂತಿರುತ್ತದೆ ಅಷ್ಟೆ. ಉಗುರುಬೆಚ್ಚಗಿನ ಸೋಪುನೀರಲ್ಲಿ ಹಳೇ ಟೂತ್‌ಬ್ರಶ್ ಅದ್ದಿ ಉಜ್ಜಿ, ಒಣಬಟ್ಟೆಯಿಂದ ಒರೆಸಿ. ಸೊಟ್ಟಗಾಗಿದ್ದರೆ ಹೇರ್ ಡ್ರೈಯರ್‌ನಿಂದ ಹದವಾಗಿ ಬಿಸಿ ಮಾಡಿ, ಕೈಯಿಂದ ತಿದ್ದಿ ಬಾಗಿಲು ಮುಚ್ಚಿಡಿ. ಹರಿದಿದ್ದರೆ ಮಾಡೆಲ್ ನಂಬರ್ ಹೇಳಿ ಹೊಸದನ್ನೇ ಹಾಕಿಸಿ. ಅಂಟು, ಟೇಪು ಹೆಚ್ಚು ದಿನ ನಿಲ್ಲುವುದಿಲ್ಲ.

ಒಳಗೆ 3–4 ಡಿಗ್ರಿ, ಫ್ರೀಜರ್‌ಗೆ ಮೈನಸ್ 18 ಡಿಗ್ರಿ ಸಾಕು. ಅದಕ್ಕಿಂತ ತಂಪು ಮಾಡಿದರೆ ಕರೆಂಟ್ ದಂಡ. ಫ್ರೀಜರ್ ಗೋಡೆಯಲ್ಲಿ ಮಂಜು 5 ಮಿ.ಮೀ. ದಾಟಿದರೆ ಆಫ್ ಮಾಡಿ ತಾನಾಗಿ ಕರಗಲು ಬಿಡಿ. ದಯವಿಟ್ಟು ಚಾಕುವಿನಿಂದ ಕೆರೆಯಬೇಡಿ: ಗೋಡೆಯೊಳಗಿನ ಗ್ಯಾಸ್ ಕೊಳವೆ ತೂತಾದರೆ ರಿಪೇರಿ ಬಲು ಕಷ್ಟ.