ಕನ್ನಡದ ದೊಡ್ಡ ಫೈಲು, ಜಾವಾದ ಬಫರ್ಡ್‌ರೀಡರ್: ನನ್ನ ಅನುಭವ

ಕನ್ನಡ ಪದಗಳ ಬಳಕೆಯ ಎಣಿಕೆ ನನಗೆ ಬೇಕಿತ್ತು. ಕಾಗುಣಿತ ತಿದ್ದುವ ಸಣ್ಣ ತಂತ್ರಾಂಶವೊಂದರ ಕೆಲಸ ಅದು. ತಪ್ಪು ಪದಕ್ಕೆ ನಾಲ್ಕಾರು ಬದಲಿ ಪದ ಸಿಕ್ಕಾಗ ಯಾವುದನ್ನು ಮೇಲೆ ತೋರಿಸಬೇಕು ಅಂತ ತೀರ್ಮಾನಿಸಲು ಯಾವ ಪದ ಹೆಚ್ಚು ಚಾಲ್ತಿಯಲ್ಲಿದೆ ಅನ್ನುವುದು ಗೊತ್ತಿರಬೇಕು. ಪಠ್ಯಕ್ಕೇನೂ ಬರವಿಲ್ಲ. ಕನ್ನಡ ವಿಕಿಪೀಡಿಯದ ಲೇಖನಗಳ ಡಂಪನ್ನು, ಅಂದರೆ ಒಟ್ಟು ಪಠ್ಯದ ನಕಲನ್ನು, ವಿಕಿಮೀಡಿಯದವರು ಬಿಜಿಪ್2 ವಿಧಾನದಲ್ಲಿ ಕುಗ್ಗಿಸಿ ಎಲ್ಲರಿಗೂ ಇಳಿಸಿಕೊಳ್ಳಲು ಇಟ್ಟಿದ್ದಾರೆ. ಅದರ ಜೊತೆಗೆ ಗೆಳೆಯರಿಂದ ಕೂಡಿಹಾಕಿಕೊಂಡ ಹಳೆಯ ಪಠ್ಯದ ಫೈಲುಗಳೂ ನನ್ನ ಬಳಿ ಇದ್ದವು. ಭಾಷೆ ಜಾವಾ, ಯಾಕೆಂದರೆ ಆಫೀಸಿನಲ್ಲಿ ದಿನವೆಲ್ಲ ಬರೆಯುವುದು ಅದನ್ನೇ. ಎಣಿಸುವುದೇನೋ ಹ್ಯಾಶ್‌ಮ್ಯಾಪಿನ (ಪದಕ್ಕೊಂದು ಎಣಿಕೆ ಇಟ್ಟುಕೊಳ್ಳುವ ಪಟ್ಟಿ) ನಾಲ್ಕು ಸಾಲಿನ ಕೆಲಸ. ಹೇಳಬೇಕಾದ್ದೆಲ್ಲ ಇರುವುದು ಓದುವ ಭಾಗದಲ್ಲಿ.

ಜಾವಾದ ಫೈಲ್‌ಇನ್‌ಪುಟ್‌ಸ್ಟ್ರೀಮ್‌ನಲ್ಲಿ ಏನೂ ಕೊಡದೆ ರೀಡ್ ಅಂತ ಕರೆದರೆ ಒಂದು ಬೈಟು ಸಿಗುತ್ತದೆ. ಆ ಒಂದು ಬೈಟಿಗೋಸ್ಕರ ಪ್ರೋಗ್ರಾಂ ಕರ್ನಲ್, ಅಂದರೆ ಆಪರೇಟಿಂಗ್ ಸಿಸ್ಟಮ್ಮಿನ ತಿರುಳಿನ ತನಕ ಹೋಗಿ ಬರುತ್ತದೆ. ಈ ಓಡಾಟಕ್ಕೇ ಸಿಸ್ಟಮ್ ಕಾಲ್ ಅನ್ನುವುದು. ಡಿಸ್ಕು ನಿಧಾನ, ಅದಕ್ಕೇ ಬಫರ್ (ಒಮ್ಮೆಗೆ ಒಂದಷ್ಟು ತಂದು ಇಟ್ಟುಕೊಳ್ಳುವ ಮೆಮೊರಿಯ ಜಾಗ) ಬೇಕು ಅಂತ ಎಷ್ಟೋ ಜನ ಹೇಳುವುದನ್ನು ಕೇಳಿದ್ದೇನೆ. ಅದು ಅರ್ಧ ಸತ್ಯ. ಎರಡನೇ ಸಲ ಓಡಿಸುವಷ್ಟರಲ್ಲಿ ಫೈಲು ಸಾಮಾನ್ಯವಾಗಿ ಲಿನಕ್ಸಿನ ಪೇಜ್ ಕ್ಯಾಶ್‌ನಲ್ಲಿ, ಅಂದರೆ ಮೆಮೊರಿಯಲ್ಲೇ ಕೂತಿರುತ್ತದೆ, ಡಿಸ್ಕಿನ ಮಾತೇ ಬರುವುದಿಲ್ಲ. ಆಗಲೂ ಬೈಟು ಬೈಟಾಗಿ ಓದುವ ಪ್ರೋಗ್ರಾಂ ತೆವಳುತ್ತದೆ. ಅಲ್ಲಿ ಖರ್ಚಾಗುವುದು ಸಿಸ್ಟಮ್ ಕಾಲ್‌ಗೆ. ಲೆಕ್ಕ ಸುಲಭ: ಒಂದು ಎಂಬಿ ಫೈಲಿಗೆ ಹಾಗೆ ಓದಿದರೆ 10,48,576 ಸಿಸ್ಟಮ್ ಕಾಲ್ ಬೇಕು, ಒಮ್ಮೆಗೆ 8192 ಬೈಟು ಎತ್ತಿಕೊಂಡರೆ 128 ಸಾಕು. ನಂಬಿಕೆ ಬರದಿದ್ದರೆ ಸಿಸ್ಟಮ್ ಕಾಲ್‌ಗಳನ್ನು ತೋರಿಸುವ ಎಸ್‌ಟ್ರೇಸ್ ಹಚ್ಚಿ ನೋಡಬಹುದು. ಅದಕ್ಕೆ ಎಫ್ ಮತ್ತು ಸಿ ಆಯ್ಕೆ ಎರಡೂ ಕೊಡಬೇಕು. ಸಿ ಕೊಟ್ಟರೆ ಯಾವ ಕಾಲ್ ಎಷ್ಟು ಸಲ ಆಯಿತು ಅನ್ನುವ ಪಟ್ಟಿ ಬರುತ್ತದೆ. ಎಫ್ ಇಲ್ಲದಿದ್ದರೆ ಜಾವಾದ ಮುಖ್ಯ ಥ್ರೆಡ್ಡೇ (ನಮ್ಮ ಕೋಡು ಓಡುವ ಎಳೆ) ಅದರ ಕಣ್ಣಿಗೆ ಬೀಳುವುದಿಲ್ಲ.

ಸರಿ, ಹಾಗಾದರೆ 8192 ಬೈಟಿನ ಒಂದು ಅರೇ ಇಟ್ಟುಕೊಂಡು, ತುಂಬಿದಷ್ಟನ್ನು ಸ್ಟ್ರಿಂಗ್ (ಅಕ್ಷರಗಳ ಸರಣಿ) ಮಾಡಿ, ಕೆಲಸ ಮುಗಿಸಬಹುದಲ್ಲ? ಇಂಗ್ಲಿಷ್ ಪಠ್ಯಕ್ಕೆ ಇದು ಸಾಕಾಗಿ ಬಿಡುತ್ತದೆ. ಕನ್ನಡಕ್ಕೆ ಸಾಲುವುದಿಲ್ಲ. ಯಾಕೆ ಅಂತ ಸ್ವಲ್ಪ ಹತ್ತಿರದಿಂದಲೇ ನೋಡೋಣ.

ಯೂನಿಕೋಡಿನಲ್ಲಿ ಕನ್ನಡ ವಿಭಾಗದ ಪ್ರತಿ ಸಂಕೇತವೂ ಯುಟಿಎಫ್-8ರಲ್ಲಿ, ಅಂದರೆ ಸಂಕೇತಗಳನ್ನು ಬೈಟುಗಳಾಗಿ ಬರೆಯುವ ಪದ್ಧತಿಯಲ್ಲಿ, ಮೂರು ಬೈಟು ಹಿಡಿಯುತ್ತದೆ. ‘ಕ’ ಅಂದರೆ 224, 178, 149. ‘ನ’ ಅಂದರೆ 224, 178, 168. ಒತ್ತಕ್ಷರ ಮೂಡಿಸುವ ಹಲಂತ ಚಿಹ್ನೆಗೂ ಮೂರು: 224, 179, 141. ‘ಕನ್ನಡ’ ಅನ್ನುವ ಪದದಲ್ಲಿ ನಮ್ಮ ಕಣ್ಣಿಗೆ ಮೂರು ಅಕ್ಷರ, ಯೂನಿಕೋಡಿಗೆ ಐದು ಸಂಕೇತ, ಡಿಸ್ಕಿನ ಮೇಲೆ ಹದಿನೈದು ಬೈಟು. ಈಗ 8192ನ್ನು ಮೂರರಿಂದ ಭಾಗಿಸಿ. 2730 ಸಲ ಹೋಗಿ ಎರಡು ಉಳಿಯುತ್ತದೆ. ಬರೀ ಕನ್ನಡ ಅಕ್ಷರಗಳೇ ಇರುವ ಫೈಲಾದರೆ ಮೊದಲ ತುಂಡಿನ ಕೊನೆಯಲ್ಲೇ ಒಂದು ಅಕ್ಷರದ ಎರಡು ಬೈಟು ಈಚೆ, ಒಂದು ಬೈಟು ಆಚೆ ಬೀಳುತ್ತದೆ. ನಡುನಡುವೆ ಒಂದೇ ಬೈಟಿನ ಸ್ಪೇಸ್, ಪೂರ್ಣವಿರಾಮ, ಹೊಸ ಸಾಲು ಬರುವುದರಿಂದ ನಿಜವಾದ ಪಠ್ಯದಲ್ಲಿ ಕತ್ತರಿ ಎಲ್ಲಿ ಬೀಳುತ್ತದೆ ಅಂತ ಮೊದಲೇ ಹೇಳಲಾಗುವುದಿಲ್ಲ. ಆದರೆ ಅಕ್ಷರದ ನಡುವೆ ಬೀಳುವ ಸಂಭವವೇ ಹೆಚ್ಚು. ಆ ಅರೆಬರೆ ಬೈಟುಗಳನ್ನು ಸ್ಟ್ರಿಂಗ್ ಮಾಡಲು ಹೋದರೆ ಜಾವಾ ದೂರು ಹೇಳುವುದಿಲ್ಲ. ಸುಮ್ಮನೆ ಆ ಜಾಗದಲ್ಲಿ ಕಪ್ಪು ವಜ್ರದೊಳಗೆ ಪ್ರಶ್ನೆಚಿಹ್ನೆ ಇರುವ ಬದಲಿ ಸಂಕೇತವನ್ನು ಕೂರಿಸುತ್ತದೆ. ಇದರ ಕೆಟ್ಟ ಗುಣ ಏನೆಂದರೆ ಚಿಕ್ಕ ಫೈಲಿನಲ್ಲಿ ಪರೀಕ್ಷೆ ಮಾಡಿದಾಗ ಎಲ್ಲ ಸರಿಯಾಗೇ ಕಾಣುತ್ತದೆ, ಯಾಕೆಂದರೆ 8192ರ ಗಡಿ ಬರುವುದೇ ಇಲ್ಲ. ಇಂಗ್ಲಿಷ್ ಫೈಲಿನಲ್ಲಿ ಮಾಡಿದರೂ ಅಷ್ಟೇ, ಅಲ್ಲಿ ಪ್ರತಿ ಅಕ್ಷರವೂ ಒಂದೇ ಬೈಟು.

ಇದಕ್ಕೇ ಜಾವಾದಲ್ಲಿ ನಡುವೆ ಇನ್‌ಪುಟ್‌ಸ್ಟ್ರೀಮ್‌ರೀಡರ್ ಅನ್ನುವ ಇನ್ನೊಂದು ಪದರ ಇರುವುದು. ಅದರೊಳಗೆ ಬೈಟುಗಳನ್ನು ಅಕ್ಷರಗಳಾಗಿ ಬಿಡಿಸುವ ಡಿಕೋಡರ್ ಇದೆ, ಅದಕ್ಕೆ ತನ್ನದೇ 8192 ಬೈಟಿನ ಬಫರೂ ಇದೆ. ತುಂಡಿನ ಕೊನೆಯಲ್ಲಿ ಅರ್ಧ ಅಕ್ಷರ ಉಳಿದರೆ ಅದನ್ನು ಹಾಗೇ ಕಾದಿಟ್ಟುಕೊಂಡು ಮುಂದಿನ ತುಂಡಿನ ತಲೆಗೆ ಸೇರಿಸಿ ಓದುತ್ತದೆ. ಅಲ್ಲೇ ಬಫರ್ ಇರುವಾಗ ಮತ್ತೆ ಮೇಲೆ ಬಫರ್ಡ್‌ರೀಡರ್ ಯಾಕೆ ಅಂತ ಕೇಳಬಹುದು. ಕೆಳಗಿನ ಬಫರು ಬೈಟುಗಳದ್ದು. ಒಂದೊಂದೇ ಅಕ್ಷರ ಕೇಳಿದರೆ ಪದೇ ಪದೇ ಡಿಕೋಡರ್ ಏಳಬೇಕು, ಬೇರೆ ಥ್ರೆಡ್ ನಡುವೆ ಬರದ ಹಾಗೆ ಲಾಕ್ ಹಿಡಿಯಬೇಕು, ಬಿಡಬೇಕು. ಬಫರ್ಡ್‌ರೀಡರ್ ಡಿಕೋಡ್ ಆದ ಅಕ್ಷರಗಳನ್ನೇ ಒಮ್ಮೆಗೆ 8192ರಷ್ಟು ಎತ್ತಿಟ್ಟುಕೊಳ್ಳುತ್ತದೆ, ರೀಡ್‌ಲೈನ್ ಅದರೊಳಗೆ ಸಾಲಿನ ಕೊನೆ ಹುಡುಕುತ್ತದೆ. ಸಾಲು ಇಡಿಯಾಗಿ ಬಫರಿನಲ್ಲೇ ಇದ್ದರೆ ನೇರವಾಗಿ ಸ್ಟ್ರಿಂಗ್ ಆಗುತ್ತದೆ, ಗಡಿ ದಾಟಿದ್ದರೆ ಮಾತ್ರ ಎರಡು ತುಂಡು ಜೋಡಿಸುವ ಕೆಲಸ. ಸಾಲಿನ ಲೆಕ್ಕದಲ್ಲಿ ಓದುವುದರಿಂದ ಇನ್ನೊಂದು ಉಪಕಾರವೂ ಉಂಟು. ಅಕ್ಷರಗಳ ಬಫರೂ ‘ನ’ ಒಂದು ಕಡೆ, ಅದರ ದೀರ್ಘ ಇನ್ನೊಂದು ಕಡೆ ಆಗುವ ಹಾಗೆ ಕತ್ತರಿಸಬಲ್ಲದು. ರೀಡ್‌ಲೈನ್ ಬಳಸಿದರೆ ಆ ಗೋಜಲು ನಮ್ಮ ತನಕ ಬರುವುದಿಲ್ಲ.

ಪದರಗಳನ್ನು ನಾನು ಕೈಯಾರೆ ಕಟ್ಟುತ್ತೇನೆ, ಕ್ಯಾರೆಕ್ಟರ್‌ಸೆಟ್ ಯುಟಿಎಫ್-8 ಅಂತ ಬಾಯಿಬಿಟ್ಟು ಹೇಳುತ್ತೇನೆ. ಜಾವಾ 18ರಿಂದ ಈಚೆಗೆ ಏನೂ ಹೇಳದಿದ್ದರೂ ಯುಟಿಎಫ್-8 ಅಂತಲೇ ಅರ್ಥ. ಆದರೆ ಅದಕ್ಕೆ ಹಿಂದಿನ ಜಾವಾಗಳು ಯಂತ್ರದ ಸೆಟಿಂಗ್ ನೋಡಿ ತೀರ್ಮಾನಿಸುತ್ತಿದ್ದವು, ವಿಂಡೋಸ್ ಮೇಲೆ ಅದೇ ಕೋಡು ಕನ್ನಡವನ್ನು ಅರ್ಥವಿಲ್ಲದ ಲ್ಯಾಟಿನ್ ಸಂಕೇತಗಳಾಗಿ ಕಕ್ಕುತ್ತಿತ್ತು. ಕಂಪನಿಗಳಲ್ಲಿ ಜಾವಾ 8 ಇನ್ನೂ ಎಷ್ಟು ಕಡೆ ಜೀವಂತವಾಗಿದೆ ಅಂತ ನಿಮಗೂ ಗೊತ್ತು.

ಜಾವಾದಲ್ಲಿ ಓದಲು ಇರುವ ಇನ್ನೊಂದು ಕ್ಲಾಸು ಸ್ಕ್ಯಾನರ್, ಅದರ ಬಗ್ಗೆ ಎರಡು ಮಾತು. ಕಾಲೇಜಿನಲ್ಲಿ ಎಲ್ಲರಿಗೂ ಮೊದಲು ಕಲಿಸುವುದು ಅದನ್ನೇ. ಕೀಬೋರ್ಡಿನಿಂದ ಎರಡು ಅಂಕಿ ತೆಗೆದುಕೊಳ್ಳಲು ಅದು ಬಲು ಚೆನ್ನ. ಆದರೆ ಅದು ಪ್ರತಿ ಪದಕ್ಕೂ ರೆಗ್ಯುಲರ್ ಎಕ್ಸ್‌ಪ್ರೆಷನ್ (ಪಠ್ಯದಲ್ಲಿ ಮಾದರಿ ಹುಡುಕುವ ಸೂತ್ರ) ಓಡಿಸುತ್ತದೆ, ಅದರ ಬಫರು ಶುರುವಾಗುವುದು 1024 ಅಕ್ಷರದಿಂದ. ಕೋಡ್‌ಶೆಫ್ ಅನ್ನುವ ಪ್ರೋಗ್ರಾಮಿಂಗ್ ಸ್ಪರ್ಧೆಯ ತಾಣದಲ್ಲಿ ಓದುವ ವೇಗವನ್ನೇ ಪರೀಕ್ಷಿಸುವ ಒಂದು ಸಮಸ್ಯೆ ಇದೆ, ಸೆಕೆಂಡಿಗೆ 2.5 ಎಂಬಿಯಾದರೂ ಓದಬೇಕು ಅಂತ ಅದರಲ್ಲೇ ಬರೆದಿದ್ದಾರೆ. ಸ್ಪರ್ಧೆಗೆ ಕೂರುವ ಹುಡುಗರು ಸ್ಕ್ಯಾನರ್ ಬಿಡುವುದು ಇಂಥ ಕಡೆ. ನನಗೆ ಅದಕ್ಕಿಂತ ದೊಡ್ಡ ತಕರಾರು ಬೇರೆ ಇದೆ. ಓದುವಾಗ ಏನಾದರೂ ತಪ್ಪಾದರೆ ಸ್ಕ್ಯಾನರ್ ಅದನ್ನು ಎಕ್ಸೆಪ್ಷನ್ (ತಪ್ಪಿನ ಸೂಚನೆ) ಆಗಿ ನಮ್ಮ ಕಡೆ ಎಸೆಯುವುದಿಲ್ಲ, ಫೈಲು ಮುಗಿಯಿತು ಅಂತ ಭಾವಿಸಿ ಸುಮ್ಮನಾಗುತ್ತದೆ. ತಪ್ಪು ಆಯಿತೋ ಇಲ್ಲವೋ ಅಂತ ನಾವೇ ಅದನ್ನು ಪ್ರತ್ಯೇಕವಾಗಿ ಕೇಳಬೇಕು. ಅರ್ಧ ಫೈಲು ಎಣಿಸಿ ಮುಗಿಯಿತು ಅನ್ನುವ ಪ್ರೋಗ್ರಾಂ, ನಿಧಾನವಾಗಿ ಓಡುವ ಪ್ರೋಗ್ರಾಂಗಿಂತ ಕಡೆ.

ತಪ್ಪಿನ ಮಾತು ಬಂತಲ್ಲ, ನನ್ನ ಹೆಚ್ಚಿನ ಹೊತ್ತು ಹೋಗಿದ್ದು ಅಲ್ಲೇ. ಹಳೆಯ ಫೈಲುಗಳಲ್ಲಿ ಕೆಲವು ಯೂನಿಕೋಡಿಗೆ ಮುಂಚಿನವು, ನುಡಿ ಫಾಂಟಿನಲ್ಲಿ ಟೈಪು ಮಾಡಿದವು. ಅವುಗಳಲ್ಲಿರುವುದು ಕನ್ನಡದ ಸಂಕೇತಗಳಲ್ಲ, ಆ ಫಾಂಟಿಗೆ ಮಾತ್ರ ಅರ್ಥವಾಗುವ ಎಂಟು ಬಿಟ್ಟಿನ ಸಂಕೇತಗಳು. ಯಾರೋ ಪುಣ್ಯಾತ್ಮರು ಯೂನಿಕೋಡ್ ಪಠ್ಯದ ನಡುವೆ ಅಂಥ ಒಂದೆರಡು ಪ್ಯಾರಾ ಅಂಟಿಸಿಬಿಟ್ಟಿದ್ದರು. ಇಲ್ಲಿ ಜಾವಾದ ಎರಡು ದಾರಿಗಳು ಬೇರೆ ಬೇರೆಯಾಗಿ ನಡೆದುಕೊಳ್ಳುತ್ತವೆ. ಕ್ಯಾರೆಕ್ಟರ್‌ಸೆಟ್ ಕೊಟ್ಟು ಕಟ್ಟಿದ ಇನ್‌ಪುಟ್‌ಸ್ಟ್ರೀಮ್‌ರೀಡರ್ ಕೆಟ್ಟ ಬೈಟಿನ ಜಾಗಕ್ಕೆ ಬದಲಿ ಸಂಕೇತ ಹಾಕಿ ಮುಂದೆ ಹೋಗುತ್ತದೆ. ಫೈಲ್ಸ್ ಕ್ಲಾಸಿನ ನ್ಯೂಬಫರ್ಡ್‌ರೀಡರ್ ಅಲ್ಲೇ ನಿಂತು ಮಾಲ್‌ಫಾರ್ಮ್ಡ್‌ಇನ್‌ಪುಟ್ ಎಕ್ಸೆಪ್ಷನ್ ಎಸೆಯುತ್ತದೆ.

ಎಸೆಯುವುದು ಒಳ್ಳೆಯದೇ. ಆದರೆ ಅದು ಎಸೆದ ಸಾಲಿಗೆ ಹೋಗಿ ನೋಡಿದರೆ ಸಾಮಾನ್ಯವಾಗಿ ಅಲ್ಲೇನೂ ತಪ್ಪಿರುವುದಿಲ್ಲ. ಕಾರಣ ಮತ್ತೆ ಬಫರೇ. ನಾವು ನೂರನೇ ಸಾಲು ಕೇಳುವಾಗ ಬಫರು ಖಾಲಿಯಾಗಿದೆ ಅಂದುಕೊಳ್ಳಿ, ರೀಡರ್ ಮುಂದಿನ ಕಂತನ್ನು ಇಡಿಯಾಗಿ ಡಿಕೋಡ್ ಮಾಡಲು ಹೊರಡುತ್ತದೆ. ಕೆಟ್ಟ ಬೈಟು ನೂರಿಪ್ಪತ್ತನೇ ಸಾಲಿನಲ್ಲಿ ಇದ್ದರೂ ಎಕ್ಸೆಪ್ಷನ್ ನೂರನೇ ಸಾಲಿಗೇ ಬರುತ್ತದೆ. ನಡುವಿನ ಒಳ್ಳೆಯ ಸಾಲುಗಳೂ ನಮ್ಮ ಕೈಗೆ ಸಿಗುವುದಿಲ್ಲ. ಸಾಲಿನ ಸಂಖ್ಯೆ ನಂಬಿ ಎಡಿಟರ್ ತೆರೆದು ಕಣ್ಣು ಕೀಲಿಸಿಕೊಂಡು ಕೂತರೆ ಪ್ರಯೋಜನವಿಲ್ಲ. ನಾನು ಮಾಡುವುದು ಹೀಗೆ: ಎಕ್ಸೆಪ್ಷನ್ ಬಂದ ಫೈಲನ್ನು ಬದಲಿ ಸಂಕೇತ ಹಾಕುವ ದಾರಿಯಲ್ಲಿ ಮತ್ತೊಮ್ಮೆ ಓದಿಸಿ, ಯಾವ ಸಾಲಿನಲ್ಲಿ ಆ ಸಂಕೇತ ಇದೆ ಅಂತ ಹುಡುಕಿಸುತ್ತೇನೆ. ಆಗ ಸಾಲಿನ ಸಂಖ್ಯೆ ಸರಿಯಾಗಿ ಸಿಗುತ್ತದೆ, ಆ ಪ್ಯಾರಾಗಳನ್ನು ಬೇರೆ ತೆಗೆದು ಯೂನಿಕೋಡಿಗೆ ಪರಿವರ್ತಿಸಬಹುದು.

ನೋಟ್‌ಪ್ಯಾಡಿನಲ್ಲಿ ಉಳಿಸಿದ ಕೆಲವು ಫೈಲುಗಳ ತಲೆಯಲ್ಲಿ ಫೈಲು ಯೂನಿಕೋಡಿನದು ಅಂತ ತಿಳಿಸುವ, ಕಣ್ಣಿಗೆ ಕಾಣದ ಬಾಮ್ ಗುರುತು ಇರುತ್ತದೆ. ಜಾವಾ ಅದನ್ನು ತಾನಾಗಿ ತೆಗೆಯುವುದಿಲ್ಲ. ಮೊದಲ ಸಾಲಿನ ಮೊದಲ ಅಕ್ಷರ ಅದಾಗಿದ್ದರೆ ಕಿತ್ತುಹಾಕುವ ಒಂದು ಸಾಲು ಬರೆದುಬಿಡಿ. ಇಲ್ಲದಿದ್ದರೆ ಪಟ್ಟಿಯಲ್ಲಿ ಒಂದೇ ಪದ ಎರಡು ಸಲ ಕಾಣಿಸಿಕೊಳ್ಳುತ್ತದೆ.

ಡಂಪಿನ ಸಂಗತಿ ಬೇರೆ. ಜಾವಾದ ಜೊತೆ ಬರುವ ಲೈಬ್ರರಿಯಲ್ಲಿ ಬಿಜಿಪ್2 ಬಿಚ್ಚುವ ಸೌಕರ್ಯ ಇಲ್ಲ. ಹಾಗಾಗಿ ಬಿಜಿಕ್ಯಾಟ್ ಅನ್ನುವ ಕಮಾಂಡಿನಿಂದ ಬಿಚ್ಚಿ, ಒಂದು ಪ್ರೋಗ್ರಾಂ ಬರೆದದ್ದನ್ನು ಇನ್ನೊಂದಕ್ಕೆ ಸಾಗಿಸುವ ಪೈಪ್ ಮೂಲಕ ಸಿಸ್ಟಮ್ ಇನ್‌ಗೆ (ಜಾವಾ ಪ್ರೋಗ್ರಾಂ ಹೊರಗಿನಿಂದ ಓದುವ ಬಾಗಿಲು) ಹರಿಸಿದೆ. ಇದರಲ್ಲಿ ಲಾಭವೂ ಇದೆ, ಬಿಚ್ಚುವ ಕೆಲಸ ಒಂದು ಕೋರ್ ಮೇಲೆ, ಎಣಿಸುವ ಕೆಲಸ ಇನ್ನೊಂದರ ಮೇಲೆ ನಡೆಯುತ್ತದೆ. ಪೈಪಿನಿಂದ ಓದುವಾಗ ಬಫರು ತುಂಬುವ ತನಕ ರೀಡರ್ ಕಾಯುತ್ತದೆ ಅಂತ ಕೆಲವರ ಹೆದರಿಕೆ. ಕಾಯುವುದಿಲ್ಲ, ಬಂದಷ್ಟನ್ನು ತೆಗೆದುಕೊಂಡು ಅದರಲ್ಲಿ ಸಾಲು ಇದ್ದರೆ ಕೊಟ್ಟುಬಿಡುತ್ತದೆ. ಪೈಪಿನಲ್ಲಿ ಎಲ್ಲೋ ಸಿಕ್ಕಿಹಾಕಿಕೊಂಡಂತೆ ಕಂಡರೆ ಸಾಮಾನ್ಯವಾಗಿ ತಪ್ಪು ಬರೆಯುವ ಕಡೆಯದು. ಉದಾಹರಣೆಗೆ ಪಠ್ಯ ಹುಡುಕುವ ಗ್ರೆಪ್, ಟರ್ಮಿನಲ್ಲಿಗೆ ಬರೆಯುವಾಗ ಸಾಲು ಸಾಲಾಗಿ ಬಿಡುತ್ತದೆ, ಪೈಪಿಗೆ ಬರೆಯುವಾಗ ಕೂಡಿಹಾಕಿಕೊಂಡು ಬಿಡುತ್ತದೆ. ಅದಕ್ಕೆ ಲೈನ್‌ಬಫರ್ಡ್ ಅನ್ನುವ ಆಯ್ಕೆ ಕೊಡಬೇಕು.

ಹೊಸಬರ ಕೋಡು ನೋಡುವಾಗ ಮತ್ತೆ ಮತ್ತೆ ಸಿಗುವುದು ಇನ್ನೊಂದು. ಮೊದಲ ಸಾಲು ಓದಲು ಒಂದು ಫಂಕ್ಷನ್, ಉಳಿದದ್ದಕ್ಕೆ ಇನ್ನೊಂದು, ಎರಡರಲ್ಲೂ ಸಿಸ್ಟಮ್ ಇನ್ ಮೇಲೆ ಹೊಸದಾಗಿ ಬಫರ್ಡ್‌ರೀಡರ್ ಕಟ್ಟಿರುತ್ತಾರೆ. ಕೀಬೋರ್ಡಿನಲ್ಲಿ ಟೈಪು ಮಾಡಿ ನೋಡಿದರೆ ಸರಿಯಾಗೇ ನಡೆಯುತ್ತದೆ, ಯಾಕೆಂದರೆ ಎಂಟರ್ ಒತ್ತಿದಾಗ ಒಂದು ಸಾಲಷ್ಟೇ ಬರುತ್ತದೆ. ಫೈಲನ್ನು ಹರಿಸಿದರೆ ಮೊದಲನೆಯದು ಒಂದು ಸಾಲು ಕೊಟ್ಟು ಅದರ ಹಿಂದಿದ್ದ ಸಾವಿರಾರು ಅಕ್ಷರಗಳನ್ನು ಹೊಟ್ಟೆಯಲ್ಲೇ ಇಟ್ಟುಕೊಂಡಿರುತ್ತದೆ. ಎರಡನೆಯದಕ್ಕೆ ಅವು ಸಿಗುವ ದಾರಿಯೇ ಇಲ್ಲ. ಒಂದು ಸ್ಟ್ರೀಮಿಗೆ ಒಂದೇ ರೀಡರ್, ಅದನ್ನೇ ಎಲ್ಲ ಫಂಕ್ಷನ್‌ಗಳಿಗೂ ದಾಟಿಸಬೇಕು.

ಬಫರಿನ ಗಾತ್ರ ಹೆಚ್ಚಿಸಿದರೆ? 8192ರಿಂದ 65,536ಕ್ಕೆ ಏರಿಸಿ ನೋಡಿದೆ, ಕಣ್ಣಿಗೆ ಕಾಣುವ ವ್ಯತ್ಯಾಸ ಇರಲಿಲ್ಲ. ಲಿನಕ್ಸಿನ ಪೈಪೇ ಸಾಮಾನ್ಯವಾಗಿ 65,536 ಬೈಟಿಗಿಂತ ಹೆಚ್ಚು ಹಿಡಿಯುವುದಿಲ್ಲ. ಗಾತ್ರ ಬದಲಿಸಲೇಬೇಕಾದ ಒಂದು ಜಾಗ ಜಿಜಿಪ್ ಫೈಲು ಬಿಚ್ಚುವ ಜಿಜಿಪ್‌ಇನ್‌ಪುಟ್‌ಸ್ಟ್ರೀಮ್. ಏನೂ ಹೇಳದಿದ್ದರೆ ಅದು ಒಮ್ಮೆಗೆ ಬರೀ 512 ಬೈಟು ಓದುತ್ತದೆ, ಕಟ್ಟುವಾಗಲೇ ದೊಡ್ಡ ಗಾತ್ರ ಕೊಡುವುದು ವಾಸಿ.

ಇಷ್ಟಾದ ಮೇಲೆ ಎಲ್ಲಿ ಎಷ್ಟು ಹೊತ್ತು ಹೋಗುತ್ತಿದೆ ಅಂತ ತೋರಿಸುವ ಪ್ರೊಫೈಲರ್ ಹಚ್ಚಿ ನೋಡಿದರೆ ಓದುವ ಭಾಗ ಪಟ್ಟಿಯ ತಳಕ್ಕೆ ಇಳಿದಿತ್ತು. ಮೇಲೆ ಕೂತಿದ್ದು ಸಾಲನ್ನು ಪದಗಳಾಗಿ ಒಡೆಯುವ ಸ್ಪ್ಲಿಟ್. ಒಂದಕ್ಕಿಂತ ಹೆಚ್ಚು ಸ್ಪೇಸ್ ಹಿಡಿಯುವ ಪ್ಯಾಟರ್ನ್ ಕೊಟ್ಟರೆ ಅದು ಪ್ರತಿ ಸಾಲಿಗೂ ಆ ಪ್ಯಾಟರ್ನ್ ಹೊಸದಾಗಿ ಕಂಪೈಲ್ ಮಾಡುತ್ತದೆ. ಅದನ್ನು ಒಮ್ಮೆ ಕಂಪೈಲ್ ಮಾಡಿ ಲೂಪಿನಿಂದ ಹೊರಗಿಟ್ಟೆ. ಆಮೇಲೆ ಉಳಿದದ್ದು ‘ರಾಜ್‌ಕುಮಾರ್’ ಥರದ ಪದಗಳ ನಡುವೆ ಕೆಲವರು ಹಾಕುವ, ಕೆಲವರು ಬಿಡುವ, ಕಣ್ಣಿಗೆ ಕಾಣದ, ಒತ್ತಕ್ಷರ ಆಗದಂತೆ ತಡೆಯುವ ಸಂಕೇತ. ಅದು ಇರುವ ಪದ ಬೇರೆ, ಇಲ್ಲದ ಪದ ಬೇರೆ ಅಂತ ಹ್ಯಾಶ್‌ಮ್ಯಾಪ್ ಎಣಿಸುತ್ತದೆ. ಅದನ್ನು ಕಿತ್ತುಹಾಕಬೇಕೋ, ಉಳಿಸಿಕೊಳ್ಳಬೇಕೋ ಅನ್ನುವುದರ ಬಗ್ಗೆ ನಾನೂ ಗೆಳೆಯರೂ ಇನ್ನೂ ವಾದ ಮಾಡುತ್ತಿದ್ದೇವೆ.